ಲಾರಿಯಲ್ಲಿ ಬಂದ ಬಾಣಂತಿ ಖಾರ

ಪಕ್ಕದ ಮನೆಯಲ್ಲಿ ಮೆಣಸು ಹುರಿಯುತ್ತಿದ್ದಾರೆ. ಮೆಣಸು, ಒಣಶುಂಠಿ, ಬೆಳ್ಳುಳ್ಳಿ, ಓಮ ಎಲ್ಲ ಸೇರಿದ ಈ ಘಾಟು ಬಂತೆಂದರೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯಾರೋ ಹೆತ್ತಿದ್ದಾರೆ, ಬಾಣಂತಿ ಖಾರ ತಯಾರಾಗುತ್ತಿದೆ. ನೀವಾದರೆ ಎರಡು ಸಲ ಸೀನಿ ಸುಮ್ಮನಾಗುತ್ತೀರಿ. ನನಗೆ ಮಾತ್ರ ಸೀನಿನ ಹಿಂದೆಯೇ ಕೊರೋನಾದ ಆ ಮೊದಲ ವರ್ಷ ಬಂದು ನಿಲ್ಲುತ್ತದೆ.

ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ನನ್ನ ತವರು ಗುಂಡ್ಲುಪೇಟೆ ಕಡೆ. ಮದುವೆಯಾಗಿ ಬಂದದ್ದು ಊಟಿಯ ಹೊರಗಿನ ಈ ಹಟ್ಟಿಗೆ. ಮಾವನ ಅಪ್ಪ ಯಾವ ಕಾಲದಲ್ಲೋ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದು ಆಲೂಗಡ್ಡೆ ನೆಟ್ಟವರು. ಈಗ ಕ್ಯಾರೆಟ್ಟೂ ಸೇರಿದೆ. ನಾನು ತುಂಬಿದ ಬಸುರಿಯಾಗಿದ್ದಾಗ ಬಂಡೀಪುರದ ಗಡಿ ಮುಚ್ಚಿತು. ನಾನು ಹೋಗುವಂತಿಲ್ಲ, ಅವ್ವ ಬರುವಂತಿಲ್ಲ. ತರಕಾರಿ ಲಾರಿ ಮಾತ್ರ ಗೂಡಲೂರು ಇಳಿದು ಗುಂಡ್ಲುಪೇಟೆ ದಾಟಿ ಮೈಸೂರಿಗೆ ಹೋಗಿ ಬರುತ್ತಿತ್ತು. ಕ್ಯಾರೆಟ್ಟಿಗೆ ಪಾಸು ಸಿಕ್ಕಿತು, ನನ್ನ ಅವ್ವನಿಗೆ ಸಿಗಲಿಲ್ಲ.

ಮಗಳು ಹುಟ್ಟಿದಳು. ಅತ್ತೆ ನಾನು ಈ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ನನ್ನ ಬಾಣಂತನ ಇಬ್ಬರು ಗಂಡಸರ ಪಾಲಿಗೆ ಬಂತು. ಅವ್ವ ಫೋನಿನಲ್ಲಿ ಅಪ್ಪಣೆ ಕೊಡುವುದು, ಮಾವ ಹಂಡೆಗೆ ಉರಿ ಹಾಕುವುದು, ನನ್ನ ಗಂಡ ನೀರು ಹುಯ್ಯುವುದು. ನನ್ನ ಬೆನ್ನಿಗೆ ಎಷ್ಟು ಬಿತ್ತೋ ಗೋಡೆಗೂ ಅಷ್ಟೇ ಬಿತ್ತು. ಆ ವರ್ಷ ನಮ್ಮ ಬಚ್ಚಲಿನ ಗೋಡೆಯಷ್ಟು ಚೆನ್ನಾಗಿ ಬಾಣಂತನ ಮಾಡಿಸಿಕೊಂಡವರು ಈ ಬೆಟ್ಟದಲ್ಲಿ ಯಾರೂ ಇರಲಿಕ್ಕಿಲ್ಲ.

ವಾರಕ್ಕೊಮ್ಮೆ ಲಾರಿ ಖಾಲಿಯಾಗಿ ಮರಳುವಾಗ ಅವ್ವ ಖಾರದ ಪೊಟ್ಟಣ ಕೊಟ್ಟು ಕಳಿಸುತ್ತಿದ್ದಳು. ಹೊರಗಿನಿಂದ ಬಂದದ್ದು ಎಂದು ಮಾವ ಅದನ್ನು ಒಂದು ದಿನ ಬಿಸಿಲಿಗಿಟ್ಟು, ಮೇಲಿನ ಕವರನ್ನು ಸೋಪಿನಲ್ಲಿ ತೊಳೆದು ಒಳಗೆ ತರುತ್ತಿದ್ದರು. ನಿದ್ದೆ ಬರುತ್ತಿಲ್ಲ ಎಂದರೆ ಅವ್ವ, "ಮೈ ಬೆಚ್ಗಾಗಿಲ್ಲ ಕನವ್ವ, ಖಾರ ಇನ್ನೊಸಿ ಹಾಕ್ಕೊಂಡು ಉಣ್ಣು" ಎನ್ನುವಳು. ಅಳು ಬರುತ್ತಿದೆ ಎಂದರೆ, "ಅದು ಬಾಣಂತಿ ನಂಜು. ಕ್ಯಾರೆಟ್ಟು ಗೀರೆಟ್ಟು ತಿಂದ್ಬುಟ್ಯಾ?" ಎಂದು ಗದರಿ, ಮುಂದಿನ ಪೊಟ್ಟಣದಲ್ಲಿ ಮೆಣಸು ಏರಿಸುವಳು. ಕಣ್ಣಾರೆ ನೋಡಲಾಗದ ತಾಯಿ ಬೇರೇನು ಮಾಡಿಯಾಳು? ನಾನೂ ಕ್ರಮೇಣ ಹೇಳುವುದನ್ನೇ ಬಿಟ್ಟೆ. ವಿಡಿಯೋದಲ್ಲಿ ಫೋನನ್ನು ಮಗುವಿನ ಕಡೆ ತಿರುಗಿಸಿ, "ಚೆನ್ನಾಗಿದ್ದೀನಿ ಕನವ್ವ" ಎಂದುಬಿಡುತ್ತಿದ್ದೆ.

ನಿಜ ಹೇಳುತ್ತೇನೆ ಕೇಳಿ. ಮಗಳನ್ನು ನೋಡಿದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಯಾರದೋ ಮಗುವನ್ನು ನೋಡಿಕೊಳ್ಳಲು ನನ್ನನ್ನು ಕೂರಿಸಿ ಹೋಗಿದ್ದಾರೆ ಅನ್ನಿಸುತ್ತಿತ್ತು. ಅಂಗಳದ ನೀರಿನ ತೊಟ್ಟಿ ಕಂಡರೆ, ಇವಳನ್ನು ನಾನೇ ಕೈಬಿಟ್ಟುಬಿಟ್ಟರೆ ಎಂಬ ಯೋಚನೆ ಬರುತ್ತಿತ್ತು. ಆ ಹೆದರಿಕೆಗೆ ಕೋಣೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದೆ. ಬಾಣಂತಿ ಕೋಣೆಯೊಳಗೇ ಇರಬೇಕು ಎಂದು ಹಿಂದಿನವರು ಹೇಳಿದ್ದರು, ಮನೆಯೊಳಗೇ ಇರಿ ಎಂದು ಸರ್ಕಾರವೂ ಹೇಳಿತ್ತು. ನಾನು ಮಹಾ ವಿಧೇಯಳು ಎಂದು ಎಲ್ಲರೂ ಮೆಚ್ಚಿಕೊಂಡರು.

ಒಂದು ಬೆಳಿಗ್ಗೆ ಮಾವ ಮಗುವಿಗೆ ಬಟ್ಟೆ ಹುಡುಕುತ್ತ ನನ್ನ ಬೀರು ತೆಗೆದರು. ಸೀರೆಗಳ ಹಿಂದೆ ಐದು ವಾರದ ಪೊಟ್ಟಣಗಳು ಕಟ್ಟು ಬಿಚ್ಚದೆ ಕೂತಿದ್ದವು. ಊಟವೇ ಸೇರದವಳು ಖಾರ ಯಾವುದಕ್ಕೆ ಹಾಕಿಕೊಳ್ಳಲಿ? ಬೈಗುಳಕ್ಕೆ ತಯಾರಾಗಿ ಕೂತೆ. ಮಾವ ಬೈಯಲಿಲ್ಲ. ನನ್ನ ಮುಖವನ್ನೇ ನೋಡಿದರು, ಆಮೇಲೆ ನನ್ನೆದುರೇ ಅವ್ವನಿಗೆ ಫೋನು ಮಾಡಿದರು. "ಖಾರ ಸಾಕು ಕನ್ ತಾಯಿ, ಇನ್ ಕಳಿಸ್ಬ್ಯಾಡಿ. ಹುಡ್ಗಿ ನಗ್ದೆ ತಿಂಗ್ಳಾಯ್ತು."

ಆ ಕಡೆ ಅವ್ವ ಬಾಯಿಬಿಟ್ಟು ಅತ್ತಳು. ನನಗೆ ಅಳಲೂ ಆಗಲಿಲ್ಲ.

ಮಧ್ಯಾಹ್ನ ಊರಿನ ನರ್ಸಮ್ಮನನ್ನು ಮಾವ ಕರೆಸಿದರು. ಆಕೆ ಈ ಬೆಟ್ಟದ ಬಡಗರ ಹೆಂಗಸು; ನನಗಾಗಿ ತಮಿಳು ಬೆರೆಸಿದ ಕನ್ನಡದಲ್ಲಿ ಮಾತಾಡುವಳು. ಮುಖಕ್ಕೆ ಎರಡು ಮಾಸ್ಕು, ಕೈಯಲ್ಲಿ ತಕ್ಕಡಿ. ನಾನು ಅಭ್ಯಾಸದಂತೆ ಮಗುವನ್ನು ಮುಂದೆ ಚಾಚಿದೆ. "ಪಾಪಾನ ಅಪ್ಪುರಂ, ಆಮೇಲೆ ನೋಡೋಣ ಮಾ. ಮೊದಲು ನೀನು ಹೇಳು, ಎಪ್ಪಡಿ, ಹೇಗಿದ್ದೀಯ?" ಎಂದಳು. ಈ ಮನೆಯಲ್ಲಿ ಆ ಎರಡು ತಿಂಗಳಲ್ಲಿ ನನ್ನನ್ನು ಹಾಗೆ ಕೇಳಿದವಳು ಆಕೆಯೊಬ್ಬಳೇ. ತೊಟ್ಟಿಯ ಯೋಚನೆ ಸಮೇತ ಎಲ್ಲ ಹೇಳಿಬಿಟ್ಟೆ. ಆಕೆ ಬೆಚ್ಚಿಬೀಳಲಿಲ್ಲ. "ಇದು ಕಾಯಿಲೆ ಮಾ. ನೀನು ಕೆಟ್ಟವಳಲ್ಲ. ಮಾತ್ರೆ ಇರುತ್ತೆ, ವಾಸಿ ಆಗುತ್ತೆ. ನಾಳೆ ಡಾಕ್ಟರ್ ಹತ್ತಿರ ಹೋಗೋಣ" ಎಂದಳು. ಆಕೆ ಹೇಳಿದ ರೀತಿಗೇ ನನ್ನ ಅರ್ಧ ಭಾರ ಇಳಿಯಿತು.

ಜನ ಏನಂದಾರು ಎಂದು ನನ್ನ ಗಂಡ ಗೊಣಗಿದಾಗ ಮಾವ ರೇಗಿದರು. "ಆಲೂಗಡ್ಡೆ ಗಿಡಕ್ಕೆ ರೋಗ ಬಂದ್ರೆ ಗಿಡಾನ ಬೋಯ್ತಿಯೇನ್ಲಾ? ಔಸ್ದಿ ಹೊಡೀತೀಯ. ಗಾಡಿ ತಗಿ."

ಡಾಕ್ಟರ ಹತ್ತಿರ ಹೋದೆವು. ಮಾತ್ರೆ ತಕ್ಷಣ ಕೆಲಸ ಮಾಡಲಿಲ್ಲ, ವಾರಗಳು ಹಿಡಿದವು. ಅಷ್ಟು ದಿನವೂ ಮಾವ ಹೊಲಕ್ಕೆ ಹೊತ್ತಾಗಿ ಹೋದರೂ ಪರವಾಗಿಲ್ಲ ಎಂದು, ಬೆಳಗಿನ ಹೊತ್ತು ಮಗುವನ್ನು ಎತ್ತಿಕೊಂಡು ನನ್ನನ್ನು ಮಲಗಿಸುತ್ತಿದ್ದರು. ಒಂದು ದಿನ ಎದ್ದು ನೋಡಿದರೆ ಮಗಳು ಅವರ ಮೀಸೆ ಹಿಡಿದು ಜಗ್ಗುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು. ಕೊಡಿ ಇಲ್ಲಿ ನನ್ನ ಮಗಳನ್ನು ಎಂದು ಕಿತ್ತುಕೊಂಡೆ. ನನ್ನ ಜೀವಮಾನದಲ್ಲಿ ಅಷ್ಟು ಸೊಗಸಾದ ಹೊಟ್ಟೆಕಿಚ್ಚು ಮತ್ತೆ ಆಗಿಲ್ಲ.

ಗಡಿ ತೆರೆದ ಮೇಲೆ ಅವ್ವ ಬಂದಳು. ಊರವರು ಕೇಳಿದರೆ "ಒಸಿ ನಂಜಾಗಿತ್ತು" ಎಂದು ನಾವೆಲ್ಲ ಒಂದೇ ಮಾತು ಹೇಳಿದೆವು. ಇವತ್ತಿನವರೆಗೂ ಅದನ್ನೇ ಹೇಳುತ್ತ ಬಂದಿದ್ದೇನೆ. ಹೆಂಗಸರ ಆಸರೆಯಿಲ್ಲದೆ ಬಾಣಂತನ ಮುಗಿಸಿದ ಧೈರ್ಯವಂತೆ ಎಂದು ಹೆಸರು ಮಾಡಿದ್ದೇನಲ್ಲ, ಅದನ್ನು ಉಳಿಸಿಕೊಳ್ಳಬೇಡವೇ?

ಇವತ್ತು ಸಂಜೆ ಪಕ್ಕದ ಮನೆಗೆ ಹೋದೆ. ಕೂಸಿನ ಸುತ್ತ ಏಳೆಂಟು ಹೆಂಗಸರು, ಮೂಗು ಯಾರದು, ಕಣ್ಣು ಯಾರದು ಎಂಬ ವಾದ. ಬಾಣಂತಿ ಗೋಡೆಗೆ ಒರಗಿ ಕೂತಿದ್ದಳು. ಹೇಗಿದ್ದೀಯ ಎಂದೆ. "ಚೆನ್ನಾಗಿದ್ದೀನಿ ಅಕ್ಕ" ಎಂದಳು. ಆ ದನಿ ನನಗೆ ಚೆನ್ನಾಗಿ ಗೊತ್ತು. ಹತ್ತಿರ ಕೂತು ಕೈ ಹಿಡಿದೆ. ಸ್ವಲ್ಪ ಹೊತ್ತಿಗೆ ಅವಳು ನನ್ನ ಕಡೆ ಬಾಗಿದಳು. "ನಂಗೆ ಏನೋ ಆಗ್ಬುಟ್ಟದೆ ಅಕ್ಕ. ಕೂಸು ಬ್ಯಾಡ ಅನ್ನಿಸ್ತದೆ" ಎಂದಳು.

ವಾದ ನಿಂತಿತು. "ನಂಜು ಕನ, ಬುಡಿ" ಎಂದು ಅವಳ ಅತ್ತೆ ಎದ್ದರು.

"ನಂಜಲ್ಲ ಅತ್ತೆ," ಎಂದೆ, ಎಲ್ಲರಿಗೂ ಕೇಳುವಂತೆ. "ನಂಗೂ ನನ್ ಮಗ್ಳು ಬ್ಯಾಡ ಅನ್ನಿಸಿತ್ತು. ಮಾತ್ರೆ ತಗೊಂಡೆ, ವಾಸಿ ಆಯ್ತು. ನಾಳೆ ಬೆಳಿಗ್ಗೆ ಇವಳನ್ನ ನಾನೇ ಕರ್ಕೊಂಡೋಯ್ತೀನಿ."

ಹುಡುಗಿ ನನ್ನ ಮಡಿಲಲ್ಲಿ ಮುಖವಿಟ್ಟು ಗಟ್ಟಿಯಾಗಿ ಅತ್ತಳು, ಅಳುತ್ತಲೇ ಕೇಳಿದಳು: "ಎಷ್ಟು ಗಂಟೆಗೆ ಅಕ್ಕ?"