ದೊಡ್ಡಪ್ಪ ಹಾಕಿದ ಬಾಂಬುಗಳು

ನಮ್ಮ ದೊಡ್ಡಪ್ಪ ಪೆಸಿಫಿಕ್ ಸಾಗರದ ದ್ವೀಪವೊಂದರಲ್ಲಿ ಜಪಾನೀಯರ ವಿಮಾನ ನಿಲ್ದಾಣವನ್ನು ಏನಿಲ್ಲವೆಂದರೂ ನೂರು ಸಲ ಧ್ವಂಸ ಮಾಡಿದ್ದರು. ಎಲ್ಲವೂ ಬಸವನಗುಡಿಯ ನಮ್ಮ ನಡುಮನೆಯಲ್ಲಿ, ತಿಂಡಿಯ ಹೊತ್ತಿಗೆ. ಯುದ್ಧದ ಕಾಲದಲ್ಲಿ ಅಮೆರಿಕನ್ನರ ಬಾಂಬರ್ ವಿಮಾನದಲ್ಲಿ ಕೂತು ಹೋಗಿದ್ದೆ ಎಂಬುದು ಅವರ ವಾದ. ಸ್ಕೂಟರಿನ ಹಿಂದೆ ಕೂತರೆ ಕಣ್ಣು ಮುಚ್ಚಿಕೊಳ್ಳುವ ಮನುಷ್ಯ! ಆದರೂ ಗಾಂಧಿ ಬಜಾರಿನ ಹೂವಿನವಳು ಕೂಡ 'ಕ್ಯಾಪ್ಟನ್ ಸಾರ್' ಎನ್ನುತ್ತಿದ್ದಳು. ಮನೆಯಲ್ಲಿ ನಾವ್ಯಾರೂ ಎದುರು ಮಾತಾಡುತ್ತಿರಲಿಲ್ಲ. ಅಪ್ಪ ಹೋದ ಮೇಲೆ ನಮ್ಮನ್ನು ಸಾಕಿದವರು ಅವರು. ಆ ಕಥೆ ಬಿಟ್ಟರೆ ಹೇಳಿಕೊಳ್ಳುವಂಥದ್ದು ಅವರಿಗೆ ಬೇರೇನೂ ಇರಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಪದ್ಧತಿಯಂತೆ ಉಪ್ಪಿಟ್ಟು, ಕೇಸರಿಬಾತ್. ಪದ್ಧತಿಯಂತೆ ನಾನೂ ತಲೆ ತಗ್ಗಿಸಿದ್ದೆ, ಹಾಗಾಗಿ ಹುಡುಗನ ಮುಖಕ್ಕಿಂತ ಕಾಲ್ಬೆರಳುಗಳೇ ಚೆನ್ನಾಗಿ ನೆನಪಿವೆ. ಹುಡುಗನ ಸೋದರಮಾವ ಮಿಲಿಟರಿಯಲ್ಲಿದ್ದವರು ಎಂದು ಯಾರೋ ಅಂದದ್ದೇ ತಡ, ದೊಡ್ಡಪ್ಪ ತಟ್ಟೆ ಮುಂದಕ್ಕೆಳೆದುಕೊಂಡರು. ಉಪ್ಪಿಟ್ಟು ದ್ವೀಪವಾಯಿತು. ಚಮಚದಿಂದ ನಡುವೆ ರನ್‌ವೇ ಎಳೆದರು. ಕೇಸರಿಬಾತಿನ ದ್ರಾಕ್ಷಿ, ಗೋಡಂಬಿ ಒಂದೊಂದಾಗಿ ಮೇಲಿನಿಂದ ಬಿದ್ದವು.

"ಢಂ! ಮಾರನೇ ದಿನ ನೋಡಿದ್ರೆ ಗುಂಡಿ ಎಲ್ಲಾ ಮುಚ್ಚಿಬಿಟ್ಟಿರೋರು. ಮತ್ತೆ ಹೋಗ್ತಿದ್ವಿ, ಮತ್ತೆ ಢಂ!"

ಸೋದರಮಾವ ಕಾಫಿ ಲೋಟ ಕೆಳಗಿಟ್ಟರು. "ಮುಚ್ತಿದ್ದೋರು ನಾವೇ ಸ್ವಾಮಿ," ಎಂದರು. ಸಿಂಗಪುರದಲ್ಲಿ ಜಪಾನೀಯರಿಗೆ ಸೆರೆಸಿಕ್ಕ ಅವರನ್ನು ಅಂಥದೇ ಒಂದು ದ್ವೀಪಕ್ಕೆ ಸಾಗಿಸಿ, ಮಂಕರಿಯಲ್ಲಿ ಮಣ್ಣು ಹೊರಿಸಿದ್ದರಂತೆ. "ನನ್ನ ಪಕ್ಕ ಹೊರ್ತಿದ್ದೋನು ನಮ್ಮೂರೋನೇ. ಒಂದಿನ ವಿಮಾನ ಬಂತು. ಆಮೇಲೆ ಅವನ ಮಂಕರಿ ಮಾತ್ರ ಸಿಕ್ತು."

ದೊಡ್ಡಪ್ಪನ ಮುಖ ಬಿಳಿಚಿಕೊಂಡಿತು. ಬಾಯಿ ಮುಚ್ಚಿಕೊಂಡಿದ್ದರೆ ಮಾನವಾದರೂ ಉಳಿಯುತ್ತಿತ್ತು. ಆದರೆ ಅವರು ಎದ್ದು ನಿಂತು ಕೈ ಮುಗಿದರು.

"ನಾನು ಹೋಗಿರ್ಲಿಲ್ಲ ಸ್ವಾಮಿ, ದೇವರಾಣೆ. ಇಲ್ಲೇ ಬೆಂಗಳೂರಲ್ಲಿ, ಕಾರ್ಖಾನೇಲಿ, ವಿಮಾನದ ತೂತಿಗೆ ತಗಡು ಬಡೀತಿದ್ದೆ. ಮಿಕ್ಕಿದ್ದೆಲ್ಲಾ ಅಲ್ಲಿಗೆ ವಿಮಾನ ತರ್ತಿದ್ದ ಅಮೆರಿಕದೋರು ಹೇಳಿದ್ದು."

ಅಡುಗೆಮನೆಯ ಬಾಗಿಲಲ್ಲಿ ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಚಿಕ್ಕಂದಿನಿಂದ ಆ ಕಥೆಗೆ ಬೆನ್ನ ಹಿಂದೆ ನಕ್ಕವಳು ನಾನು. ಆಗ ಮಾತ್ರ ಅಳು ಬಂತು.

ಸೋದರಮಾವ ದೊಡ್ಡಪ್ಪನ ಮುಖವನ್ನೇ ನೋಡುತ್ತಿದ್ದರು. "ಅಷ್ಟು ಚೆನ್ನಾಗಿ ರಿಪೇರಿ ಮಾಡ್ಬಾರ್ದಿತ್ತು ನೀವು," ಎಂದು ನಕ್ಕು, ಇನ್ನೊಂದಿಷ್ಟು ಉಪ್ಪಿಟ್ಟು ಹಾಕಿಸಿಕೊಂಡರು. ನನ್ನ ಮದುವೆ ಗೊತ್ತಾಯಿತು.

ಮದುವೆಯಾಗಿ ಮೊದಲ ಸಲ ತವರಿಗೆ ಬಂದಾಗ ದೊಡ್ಡಪ್ಪ ತುಟಿಪಿಟಿಕ್ಕೆನ್ನದೆ ತಿಂಡಿ ತಿನ್ನುತ್ತಿದ್ದರು. ಹತ್ತಿರ ಕೂತು, "ಒಂದ್ಸಲ ಬಾಂಬ್ ಹಾಕಿ ದೊಡ್ಡಪ್ಪ," ಎಂದೆ. ಅವರು ಚಮಚ ಎತ್ತಿದರು, ಉಪ್ಪಿಟ್ಟನ್ನು ಸ್ವಲ್ಪ ಹೊತ್ತು ನೋಡಿದರು, ಮತ್ತೆ ಇಳಿಸಿದರು.

"ಬೇಡ ಕಣೇ. ಕೆಳಗೆ ಜನ ಇದಾರೆ."