ಮೂರು ಹಿಡಿ ಉಪ್ಪು

ಹಿತ್ತಲಿನ ಸೌತೆಬಳ್ಳಿ ಕಾಯಿ ಬಿಟ್ಟಿತೆಂದರೆ, ಗಡಿಯಾರ ರಿಪೇರಿಯಿಂದ ನಿವೃತ್ತರಾದ ಈ ದೊಡ್ಡ ಮನುಷ್ಯರ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಅಮ್ಮನ ಉಪ್ಪಿನಕಾಯಿಯ ಮರ್ಯಾದೆ ಉಳಿಸುವ ಭಾರ ತಮ್ಮೊಬ್ಬರದೇ ಎಂದು ಅವರ ನಂಬಿಕೆ. ಬೆರಳುದ್ದ ಮೀರಿದ ಕಾಯಿ ಕಂಡರೆ, "ಇದಕ್ಕೆ ವಯಸ್ಸಾಯ್ತು, ಅಡುಗೆಗೆ ಹೋಗಲಿ," ಎಂದು ಪಕ್ಕಕ್ಕೆ ಎಸೆಯುತ್ತಾರೆ. ಬಿಸಿಲಿಗಿಟ್ಟ ಭರಣಿಯೊಳಗೆ ಮೂಗು ತೂರಿಸಿ ಪರೀಕ್ಷಿಸುತ್ತಾರೆ. ಒದ್ದೆ ಕೈಯವರು ಅಂದು ಅಡುಗೆಮನೆಗೆ ಕಾಲಿಡುವಂತಿಲ್ಲ. ಯಾರಾದರೂ ಸೀನಿದರೆ ಭರಣಿಗೇ ನೆಗಡಿ ಹತ್ತೀತೆಂಬಂತೆ ಮುಚ್ಚಳ ಒತ್ತಿ ಹಿಡಿಯುತ್ತಾರೆ. ಸಾಸಿವೆ, ಮೆಣಸಿನಪುಡಿಗಳನ್ನು ತಾವೇ ಬೆರೆಸುತ್ತಾರೆ, ಉಪ್ಪನ್ನು ಮಾತ್ರ ಮುಟ್ಟುವುದಿಲ್ಲ. ಅಮ್ಮ ಹೇಳಿಹೋದ ಅಳತೆ ಮೂರು ಹಿಡಿ. ಅಮ್ಮನದು ಪುಟ್ಟ ಕೈ, ಇವರದು ಮೊರದಂಥದ್ದು. ಅಮ್ಮನ ಕೈ ಬಂದಿರುವುದು ತಂಗಿಗೆ. ಅಮ್ಮನ ಹೊಲಿಗೆ ಮಷೀನು ಯಾರಿಗೆಂದು ಮಾತು ಬೆಳೆದಂದಿನಿಂದ ಅಣ್ಣನ ಹೊಸ್ತಿಲು ತುಳಿಯದ ಆ ತಂಗಿ, ಉಪ್ಪು ಹಾಕುವುದಕ್ಕೆಂದು ಮಾತ್ರ ವರ್ಷಕ್ಕೊಮ್ಮೆ ಬರುತ್ತಾಳೆ. "ಕಾಯಿ ಬಲಿತಿದೆಯಲ್ಲೋ," ಎನ್ನುತ್ತಾಳೆ. "ನಿನ್ನ ನಾಲಿಗೆಯಷ್ಟು ಬಲಿತಿಲ್ಲ ಬಿಡೇ," ಎನ್ನುತ್ತಾರೆ. ಮೂರು ಹಿಡಿ ಹಾಕಿ, ಟೀ ಕುಡಿದು, ಅಣ್ಣನ ಬೆಳ್ಳಗಾದ ಹುಬ್ಬನ್ನೊಮ್ಮೆ ನೋಡಿ ಹೊರಡುತ್ತಾಳೆ. ಈ ಸಲ ಅವಳು ಗೇಟು ದಾಟಿದ ಮೇಲೆ ಸೊಸೆ, "ಅವರು ಹಾಕೋ ಉಪ್ಪನ್ನ ಒಂದು ಸಲ ಲೋಟದಲ್ಲಿ ಅಳೆದುಕೊಂಡ್ರೆ ಕರೆಸೋ ತಾಪತ್ರಯವೇ ಇರಲ್ಲವಲ್ಲ ಮಾವ," ಎಂದಳು. ಮಾವ ಭರಣಿಗೆ ಬಟ್ಟೆ ಬಿಗಿಯುತ್ತ, "ಅಳತೆ ನನಗೆ ಯಾವತ್ತೋ ಗೊತ್ತಮ್ಮ. ಒಂದು ಲೋಟಕ್ಕೆ ಚೂರು ಕಮ್ಮಿ," ಎಂದರು. ದಾರದ ಗಂಟು ಹಾಕಿ ಮುಗಿದ ಮೇಲೆ ಇನ್ನೊಂದು ಮಾತು ಸೇರಿಸಿದರು: "ಅವಳ ಹತ್ತಿರ ಹೇಳಿಬಿಟ್ಟೀಯ, ಜೋಕೆ."