ಅಂಟಿನಲ್ಲಿ ಏನಿದೆ?

ಅವಳಿಗೆ ಚೀಟಿ ಎಂಬ ಹೆಸರು ಬಿದ್ದದ್ದು ಪುಸ್ತಕ ಕಟ್ಟುವುದನ್ನು ಕಲಿಸುವ ಶಾಲೆಯಲ್ಲಿ. ಬಿಸ್ಕತ್ತಿನ ಪೊಟ್ಟಣವಿರಲಿ, ಸೋಪಿನ ಡಬ್ಬಿಯಿರಲಿ, ಹಿಂದೆ ತಿರುಗಿಸಿ, ಇರುವೆ ಹರಿದಾಡಿದಂತಿರುವ ಚೀಟಿಯ ಆ ಸಣ್ಣ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಓದದೆ ಅವಳು ಕೆಳಗಿಡುತ್ತಿರಲಿಲ್ಲ.

ಅವಳ ಅಮ್ಮನದು ಹಾಲಿನಂಗಡಿ. ಹತ್ತೊಂಬತ್ತರ ವಯಸ್ಸಿನಲ್ಲಿ ಒಮ್ಮೆ ಅಮ್ಮನ ಜೊತೆ ಹಸುವಿನ ಕೊಟ್ಟಿಗೆಗೆ ಹೋದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಹೆಣ್ಣು ಕರುಗಳು ಇಲ್ಲಿವೆ. ಗಂಡು ಕರುಗಳೆಲ್ಲಿ?" ಕೊಟ್ಟಿಗೆಯ ಯಜಮಾನ ಮಳೆಯ ಮಾತು ತೆಗೆದ. ಮೂರು ಸಲ ಕೇಳಿದಳು, ಮೂರು ಸಲವೂ ಅವನಿಗೆ ಮಳೆಯೇ ನೆನಪಾಯಿತು. ಉತ್ತರವನ್ನು ಅವಳೇ ಹುಡುಕಿಕೊಂಡಳು: ಕಸಾಯಿಖಾನೆ. ಸಿಕ್ಕ ಮೇಲೆ ಹಾಲು, ಬೆಣ್ಣೆ, ಜೇನು ಬಿಟ್ಟಳು. ಚರ್ಮದ ಚಪ್ಪಲಿ, ಉಣ್ಣೆಯ ಸ್ವೆಟರೂ ಹೋದವು. ಇಂಥವರಿಗೆ ವೀಗನ್ ಅನ್ನುತ್ತಾರೆಂದು ಗೊತ್ತಾದದ್ದು ಆಮೇಲೆ.

"ಹಾಲು ಕುಡಿದೇ ಬೆಳೆದ ಮೈ ಅದು," ಎಂದಳು ಅಮ್ಮ. "ಈಗ ಅದೇ ಬೇಡವಾಯ್ತಾ?"

"ಹಾಲು ಬೇಡ ಅಂದೆ ಕಣಮ್ಮ. ನೀನು ಬೇಡ ಅಂದ್ನಾ?"

ಅಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೆಯ ದಿನ ಒಲೆಯ ಮೇಲೆ ಇನ್ನೊಂದು ಪುಟ್ಟ ಪಾತ್ರೆ ಬಂತು. ಅದರಲ್ಲಿ ಹಾಲಿಲ್ಲದ ಚಹಾ. "ಪಾತ್ರೆ ತೊಳೆದ ನೀರಿನ ಥರ ಇದೆ, ಕುಡಿ," ಎಂದು ಲೋಟ ಕುಕ್ಕಿದಳು.

ನಿಜವಾದ ಪೇಚು ಶುರುವಾದದ್ದು ಶಾಲೆಯ ಮೊದಲ ದಿನ. ಮೇಷ್ಟ್ರ ಮೇಜಿನ ಪಕ್ಕದ ಒಲೆಯಲ್ಲಿ ಕಂದು ಬಣ್ಣದ ಅಂಟು ಗುಳುಗುಳು ಎನ್ನುತ್ತಿತ್ತು.

"ಇದರಲ್ಲಿ ಏನಿದೆ ಸಾರ್?"

"ಚರ್ಮ, ಮೂಳೆ. ಬೇಯಿಸಿ ಇಳಿಸಿದ್ದು. ನಮ್ಮ ತಾತನ ಕಾಲದಿಂದ ಇದೇ."

ಬೇರೆ ಯಾರಾದರೂ ಆಗಿದ್ದರೆ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದರೇನೋ. ಅವಳಿಗೆ ಬೇರೊಂದು ಹುಳ ತಲೆಗೆ ಹೊಕ್ಕಿತು: ಕಾಗದವನ್ನು ಹಿಡಿದಿಡುವ ಗುಣ ಚರ್ಮದ್ದೋ, ಬರೀ ಜಿಗುಟಿನದ್ದೋ? "ಒಂದು ತಿಂಗಳು ಕೊಡಿ ಸಾರ್, ಬೇರೆ ಅಂಟು ಮಾಡಿ ತೋರಿಸ್ತೀನಿ," ಎಂದಳು. ಮೇಷ್ಟ್ರು ಕನ್ನಡಕದ ಮೇಲಿನಿಂದ ನೋಡಿ, ಆಗಲಿ ಎಂದರು.

ಅಕ್ಕಿ ಹಿಟ್ಟು, ಗೋಧಿ ಹಿಟ್ಟು, ಮರಗೆಣಸಿನ ಹಿಟ್ಟು, ಒಂದೊಂದನ್ನೂ ಕಾಯಿಸಿ ಕಾಗದದ ಪಟ್ಟಿಗಳಿಗೆ ಸವರಿ, ದಿನಾಂಕ ಬರೆದು ಕಿಟಕಿಯ ಬಳಿ ಸಾಲಾಗಿ ತೂಗುಹಾಕಿದಳು. ಮೊದಲ ವಾರ ಬೂಷ್ಟು ಹಿಡಿಯಿತು. ಎರಡನೆಯ ವಾರ ಜಿರಳೆಗಳು ಪಟ್ಟಿಗಳ ಅಂಚನ್ನೆಲ್ಲ ಮೆದ್ದುಬಿಟ್ಟವು.

"ಪರವಾಗಿಲ್ಲ," ಎಂದರು ಮೇಷ್ಟ್ರು. "ಜಿರಳೆಗಳನ್ನೂ ನಿನ್ನ ದಾರಿಗೆ ತಂದೆ."

ಎಲ್ಲರ ಜೊತೆ ಅವಳೂ ನಕ್ಕಳು. ಆದರೆ ಬಿಡಲಿಲ್ಲ. ಗೋಧಿ ಹಿಟ್ಟನ್ನು ನಾದಿ, ನೀರಿನಲ್ಲಿ ಮತ್ತೆ ಮತ್ತೆ ಹಿಂಡಿ ರಬ್ಬರಿನಂಥ ಮುದ್ದೆಯನ್ನು ಬೇರೆ ತೆಗೆದು, ತಳದಲ್ಲಿ ಕೂತ ಬಿಳಿ ಗಸಿಯನ್ನಷ್ಟೇ ಕಾಯಿಸಿ ಸೋಸಿದಾಗ ಮೊಸರಿನಂಥ ನಯವಾದ ಅಂಟು ಬಂತು. ದಿನದಿನ ಹೊಸದಾಗಿ ಮಾಡಿ ತೆಳ್ಳಗೆ ಹಚ್ಚಿದಾಗ ಬೂಷ್ಟು ಬರಲಿಲ್ಲ. ಮೇಷ್ಟ್ರು ಆ ಪಟ್ಟಿಯನ್ನು ಎಳೆದರು. ಕಾಗದ ಹರಿಯಿತು, ಅಂಟು ಬಿಡಲಿಲ್ಲ.

"ಹಳಬರಿಗೂ ಇದು ಗೊತ್ತಿತ್ತು," ಎಂದು ಅವರು ಮೆಲ್ಲಗೆ ಹೇಳಿದರು. "ನಮಗೆ ಸೋಮಾರಿತನ."

ಎರಡನೆಯ ವರ್ಷ ಮೇಷ್ಟ್ರು ಚರ್ಮದ ರಟ್ಟಿನ ಹಳೆಯ ಪುಸ್ತಕವೊಂದರ ರಿಪೇರಿಗೆಂದು ಅವಳನ್ನು ಒಂದು ಬೆಟ್ಟದೂರಿನ ಗ್ರಂಥಾಲಯಕ್ಕೆ ಕರೆದೊಯ್ದರು. ರೈಲಿನಲ್ಲಿ ಒಂಬತ್ತು ಗಂಟೆಯ ದಾರಿ. ಅಮ್ಮ ಬ್ರೆಡ್ಡು, ಬಾಳೆಹಣ್ಣು, ಹುರಿದ ಕಡಲೆಬೀಜ ಕಟ್ಟಿಕೊಟ್ಟು, "ಬ್ರೆಡ್ಡಿನ ಚೀಟಿ ನಾನೇ ಓದಿದೀನಿ. ಹಾಲು ಗೀಲು ಏನೂ ಇಲ್ಲ, ತಿನ್ನು," ಎಂದಿದ್ದಳು. ಆ ಮಾತು ನೆನೆದು ಚೀಟಿ ದಾರಿಯುದ್ದಕ್ಕೂ ಮೆಲ್ಲುತ್ತ ಕೂತಳು. ಮೇಷ್ಟ್ರು ಅರ್ಧದಷ್ಟು ಕಡಲೆಬೀಜ ಖಾಲಿ ಮಾಡಿದರು.

ಗ್ರಂಥಾಲಯದ ಮೇಜಿನ ಮೇಲಿದ್ದದ್ದು ನೂರು ವರ್ಷಕ್ಕೂ ಹಳೆಯ ಪುಸ್ತಕ, ಒಣಗಿದ ಎಲೆಗಳನ್ನು ಅಂಟಿಸಿದ ಗಿಡಗಳ ದಾಖಲೆ. ಚರ್ಮದ ರಟ್ಟಿನ ಬೆನ್ನು ಸೀಳಿಹೋಗಿತ್ತು. ಮುಟ್ಟಿದರೆ ಕೆಂಪು ಪುಡಿ ಉದುರುತ್ತಿತ್ತು.

"ನೀನು ಚರ್ಮ ಮುಟ್ಟಲ್ವಂತೆ," ಎಂದರು ಗ್ರಂಥಪಾಲಕಿ. ಬೆಳ್ಳಗಿನ ತಲೆಯ, ಗಟ್ಟಿ ದನಿಯ ಹೆಂಗಸು. "ಹಾಗಾದ್ರೆ ಇದನ್ನ ಕಿತ್ತು ಬಟ್ಟೆಯ ರಟ್ಟು ಹಾಕ್ತೀಯಾ?"

ರೈಲಿನಲ್ಲಿ ಅವಳು ಅದನ್ನೇ ಯೋಚಿಸಿಕೊಂಡು ಬಂದಿದ್ದಳು. ಭೂತಗನ್ನಡಿ ಹಿಡಿದು ಬಗ್ಗಿದಳು. ಚರ್ಮದ ಮೇಲೆ ಕೂದಲು ಬೆಳೆದಿದ್ದ ಸಣ್ಣ ಸಣ್ಣ ರಂಧ್ರಗಳು ಗುಂಪು ಗುಂಪಾಗಿ ಕಂಡವು. ಮೂಲೆಯಲ್ಲಿ ಒಂದು ಓರೆ ಗೆರೆ. ಅದು ಚಾಕುವಿನ ಗುರುತಲ್ಲ, ಬದುಕಿದ್ದಾಗಲೇ ಮುಳ್ಳೋ ಬೇಲಿಯೋ ಗೀರಿ, ಮಾಯ್ದ ಗಾಯ.

"ಸಾರ್, ಇದು ಆಡು, ಅಲ್ವಾ?"

ಮೇಷ್ಟ್ರು ಬಗ್ಗಿ ನೋಡಿದರು. "ಆಡೇ. ನಲವತ್ತು ವರ್ಷದಿಂದ ಚರ್ಮ ಕತ್ತರಿಸ್ತಿದೀನಿ, ಗಾಯದ ಕಲೆ ಇದ್ರೆ ಆ ತುಂಡು ಪಕ್ಕಕ್ಕೆ ಎಸೀತಿದ್ದೆ. ಹೀಗೆ ಯಾವತ್ತೂ ನೋಡಿರಲಿಲ್ಲ."

ಇಷ್ಟು ವರ್ಷಗಳ ಮೇಲೆ ಅವಳು ಬರಿಗೈಯಲ್ಲಿ ಚರ್ಮ ಮುಟ್ಟಿದಳು. ಹೇಸಿಗೆ ಆಗಲಿಲ್ಲ, ಅದು ಅವಳಿಗೇ ಆಶ್ಚರ್ಯ. "ಈ ಆಡು ಸತ್ತು ನೂರು ವರ್ಷ ಆಯ್ತು ಅಮ್ಮಾ," ಎಂದಳು ಗ್ರಂಥಪಾಲಕಿಗೆ. "ಇದನ್ನ ಕಿತ್ತು ಕಸಕ್ಕೆ ಹಾಕಿದ್ರೆ ಅದಕ್ಕೇನು ಉಪಕಾರ? ಇದು ಇಲ್ಲೇ ಇರಲಿ. ಇನ್ನೊಂದು ಆಡು ಮಾತ್ರ ಬೇಡ."

ತೆಳುವಾದ, ಗಟ್ಟಿ ಎಳೆಯ ಕಾಗದಕ್ಕೆ ಚರ್ಮದ್ದೇ ಬಣ್ಣ ಬಳಿದು, ಹಳೆಯ ಚರ್ಮದ ಅಡಿಗೆ ತೂರಿಸಿ, ಬೆನ್ನನ್ನು ಕೂಡಿಸಿದಳು. ಮೊದಲ ಸಲ ಅಂಟಿನ ನೀರು ಚರ್ಮವನ್ನು ಒಂದು ಕಡೆ ಕಪ್ಪಾಗಿಸಿತು. ಅಂಟನ್ನು ಗಟ್ಟಿ ಮಾಡಿಕೊಂಡು ಮತ್ತೆ ಶುರು ಮಾಡಿದಳು. ಆರು ದಿನ ಹಿಡಿಯಿತು. ಕಪ್ಪು ಕಲೆ ಹೋಗಲಿಲ್ಲ. ಆದರೆ ಪುಸ್ತಕ ತೆರೆಯಿತು, ಮುಚ್ಚಿತು, ಎಲೆಗಳು ಅಲುಗಲಿಲ್ಲ.

ಗ್ರಂಥಪಾಲಕಿ ಕಲೆಯನ್ನು ನೋಡಿದರು. ಒಳಗೆ ಹೋಗಿ ಇನ್ನೂ ಹನ್ನೊಂದು ಪುಸ್ತಕಗಳನ್ನು ತಂದು ಮೇಜಿನ ಮೇಲಿಟ್ಟರು. ಮೇಷ್ಟ್ರು ಒಬ್ಬರೇ ವಾಪಸಾದರು. ಚೀಟಿ ಬೇಸಿಗೆ ಪೂರ್ತಿ ಅಲ್ಲೇ ಉಳಿದಳು.

ಈಗ ಅವಳು ಕೂತಿರುವುದು ದಾರದ ಮುಂದೆ. ಪುಸ್ತಕ ಹೊಲಿಯುವ ದಾರ ಸಿಕ್ಕಾಗದಿರಲೆಂದು ಸವರುವುದು ಜೇನುಮೇಣ. ಅದರ ಬದಲಿಗೆ ಗಿಡದ ಮೇಣ ತರಿಸಿದ್ದಾಳೆ, ಆದರೆ ದಾರ ಸಿಕ್ಕಾಗುತ್ತಿದೆ. ಯಾಕೆಂದು ಇನ್ನೂ ಗೊತ್ತಾಗಿಲ್ಲ.